ಮೂಡೂರಿನಿಂದ ‘ಯಾನ’ದವರೆಗೆ: ಕನ್ನಡ ಕಾದಂಬರಿಯಲ್ಲಿ ಅನ್ಯಲೋಕ ಮತ್ತು ದೇವರ ಪ್ರಶ್ನೆ

1968ರಲ್ಲಿ ಎರಿಕ್ ಫಾನ್ ಡೆನಿಕೆನ್ ಜರ್ಮನ್ ಭಾಷೆಯಲ್ಲಿ ಒಂದು ಪುಸ್ತಕ ಹೊರತಂದ. ಪ್ರಾಚೀನರು ದೇವರೆಂದು ಪೂಜಿಸಿದ್ದು ಆಕಾಶದಿಂದ ಇಳಿದುಬಂದ ಅನ್ಯಗ್ರಹವಾಸಿಗಳನ್ನು ಎಂಬ ಅವನ ವಾದವನ್ನು ಪುರಾತತ್ತ್ವಜ್ಞರು ಒಪ್ಪಲಿಲ್ಲ. ಓದುಗರು ಮುಗಿಬಿದ್ದು ಓದಿದರು. ಅದೇ ವರ್ಷ ಕೋಟ ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ ಪ್ರಕಟವಾಯಿತು. ದೇವರು ಎಲ್ಲಿಂದ ಬಂದ ಎಂಬುದೇ ಅಲ್ಲಿಯೂ ಪ್ರಶ್ನೆ. ಉತ್ತರ ಮಾತ್ರ ಕಾಲಡಿಯ ನೆಲದಿಂದ ಏಳುತ್ತದೆ.

ಕಾದಂಬರಿಯ ಊರು ಮೂಡೂರು. ಅದೇ ಹೆಸರಿನ ಊರೊಂದು ಬೈಂದೂರು ತಾಲೂಕಿನಲ್ಲಿ, ಕೊಲ್ಲೂರಿನ ಆಸುಪಾಸಿನಲ್ಲಿದೆ. ಕೊಲ್ಲೂರಿನ ದೇವಿಯಂತೆ ಅಜ್ಜಿಯ ಹೆಸರೂ ಮೂಕಾಂಬಿಕೆ. ಬಾಲವಿಧವೆಯಾದ ಆಕೆ ಒಂದು ವಸ್ತುವನ್ನು ಮುಟ್ಟಿದರೆ ಅದರ ಹಿಂದಿನ ಬದುಕು ಕಣ್ಣಿಗೆ ಕಟ್ಟುತ್ತದೆ. ಮೊಮ್ಮಗ ಸುಬ್ಬರಾಯ ತಂದುಕೊಟ್ಟ ಮೂಳೆಯ ಚೂರು ಆಕೆಯನ್ನು ಆದಿಮಾನವರ ಕಾಲಕ್ಕೆ ಒಯ್ಯುತ್ತದೆ. ಇದನ್ನು ಪವಾಡವೆಂದು ಓದುವುದು ಸರಿಯಲ್ಲ. ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನು ಒಬ್ಬರೇ ಬರೆದ ಲೇಖಕರು ಕಾರಂತರು. ಅಜ್ಜಿಯ ಅಂಗೈ ಇಲ್ಲಿ ಕಾಲಯಂತ್ರದ ಕೆಲಸ ಮಾಡುತ್ತದೆ; ಅದರ ಮೂಲಕ ಭೇಟಿಯಾಗುವ ಪರಲೋಕದವರು ನಮ್ಮದೇ ಪೂರ್ವಿಕರು. ದೇವರ ರೂಪ ಅವರ ಹಸಿವು, ಭಯ, ಕಾಮಗಳ ಜೊತೆಗೇ ಬದಲಾಗುತ್ತ ಬಂದದ್ದನ್ನು ಆಕೆ ಕಾಣುತ್ತಾಳೆ.

ಈ ಸೀಮೆಯಲ್ಲಿ ಇಂಥ ಕಾದಂಬರಿ ಹುಟ್ಟಿದ್ದು ಆಕಸ್ಮಿಕವಲ್ಲವೆಂದು ನನಗನ್ನಿಸುತ್ತದೆ. ನಾಗದರ್ಶನದಲ್ಲಿ ಪಾತ್ರಿಯ ಮೈಮೇಲೆ ಬಂದ ಶಕ್ತಿಯ ಜೊತೆ ಮನೆಯವರು ನೇರ ಮಾತಾಡುವ, ಪ್ರಶ್ನೆ ಕೇಳುವ ಊರುಗಳಿವು. ಆಚೆ ಲೋಕದೊಂದಿಗಿನ ಸಂಪರ್ಕ ಇಲ್ಲಿ ಅಂಗಳದಲ್ಲೇ ನಡೆಯುತ್ತದೆ. ಅಂಥ ಓದುಗನಿಗೆ ಮೂಕಜ್ಜಿಯ ದೃಷ್ಟಿ ವಿಚಿತ್ರವೆನಿಸದು. ಅವಳು ದೇವರ ಬಗ್ಗೆ ಆಡುವ ಮಾತು ಮಾತ್ರ ನಡುಗಿಸುತ್ತದೆ.

ಡೆನಿಕೆನ್ ಹಿಡಿದ ದಾರಿ ಸಾಹಿತ್ಯದಲ್ಲೂ ಮುಂದುವರಿಯಿತು. ಡೋರಿಸ್ ಲೆಸ್ಸಿಂಗ್ 1979ರ ‘ಶಿಕಾಸ್ತಾ’ದಲ್ಲಿ ಧರ್ಮಗ್ರಂಥಗಳ ಕಥನವನ್ನು ಕ್ಯಾನೋಪಸ್ ಎಂಬ ಲೋಕದಿಂದ ಬಂದ ದೂತರ ಕಥೆಯಾಗಿ ಮರುರೂಪಿಸಿದರು. ಕನ್ನಡದಲ್ಲಿ ಮನು ಅವರ ‘ಮಹಾಸಂಪರ್ಕ’ ಮಹಾಭಾರತವನ್ನೇ ಅನ್ಯಲೋಕದವರ ಸಂಪರ್ಕದ ಕಥೆಯಾಗಿ ನೋಡಿತು. ಪೂರ್ಣಚಂದ್ರ ತೇಜಸ್ವಿ ‘ಫ್ಲೈಯಿಂಗ್ ಸಾಸರ್ಸ್’ ಎಂಬ ಹೆಸರಿನಲ್ಲೇ ಹಾರುವ ತಟ್ಟೆಗಳ ಕುರಿತು ಬರೆದರು.

2014ರ ‘ಯಾನ’ದಲ್ಲಿ ಎಸ್. ಎಲ್. ಭೈರಪ್ಪ ಈ ಪ್ರಶ್ನೆಯನ್ನು ತಿರುವಿಹಾಕಿದರು. ನೌಕೆ ಹೊರಟಿರುವುದು 4.2 ಜ್ಯೋತಿರ್ವರ್ಷ ದೂರದ ಪ್ರಾಕ್ಸಿಮಾ ಸೆಂಟಾರಿಯತ್ತ. ಅದರಲ್ಲೇ ಹುಟ್ಟಿ ಬೆಳೆದ ಆಕಾಶ್ ಮತ್ತು ಮೇದಿನಿಗೆ ಭೂಮಿಯೇ ಕಾಣದ ಅನ್ಯಲೋಕ. ತಂದೆತಾಯಿ ಬರೆದಿಟ್ಟ ಮಾತಿನಿಂದಷ್ಟೇ ಅದು ಗೊತ್ತು. ಕಾಣದ್ದನ್ನು ಬರಹದ ಮೇಲೆ ನಂಬುವುದು ಶ್ರದ್ಧೆಯಲ್ಲದೆ ಮತ್ತೇನು?

ವೈಜ್ಞಾನಿಕ ಕಾದಂಬರಿಯ ಗುರುತಿಗೆ ನೌಕೆಯೇ ಬೇಕೆಂದರೆ ಕನ್ನಡದಲ್ಲಿ ‘ಯಾನ’ ಉಳಿಯುತ್ತದೆ, ಮೂಕಜ್ಜಿ ಹೊರಗಾಗುತ್ತಾಳೆ. ಆದರೆ ದೇವರ ಹುಟ್ಟನ್ನು ಹೆಚ್ಚು ಆಳವಾಗಿ ಶೋಧಿಸಿದವಳು ಅವಳೇ. ಈ ಪ್ರಕಾರದ ಕನ್ನಡ ಚರಿತ್ರೆಯನ್ನು ಮೂಡೂರಿನ ಆ ಅಜ್ಜಿಯಿಂದಲೇ ಆರಂಭಿಸಬೇಕು.