ಸಾರುವ ತಾತನ ತಮಟೆ

ನಾನು ಲಂಗ ತೊಟ್ಟು ಓಡಾಡುತ್ತಿದ್ದ ಕಾಲಕ್ಕೆ ನಮ್ಮ ಹುಲಿಕೆರೆಯಲ್ಲಿ ಜಾಹೀರಾತು ಅಂದರೆ ತಮಟೆ. ಕಂದಾಯ ಕಟ್ಟುವ ಕೊನೇ ದಿನವಾಗಲಿ, ಹಳೇಬೀಡಿಗೆ ಟೆಂಟ್ ಸಿನಿಮಾ ಬಂದದ್ದಾಗಲಿ, ಸಾರುವ ತಾತ ಬೀದಿಯ ಮೂಲೆಯಲ್ಲಿ ನಿಂತು ನಾಲ್ಕು ಪೆಟ್ಟು ಬಡಿದು "ಕೇಳ್ರಪ್ಪೋ ಕೇಳಿ" ಅಂದರೆ, ಹೊಯ್ಸಳರ ಕಾಲದ ಕಲ್ಯಾಣಿಯ ಮೆಟ್ಟಿಲ ಮೇಲಿದ್ದ ನಮಗೂ ಕೇಳಿಸುತ್ತಿತ್ತು. ಸಾವಾದ ಮನೆ ಬಂದರೆ ಮಾತ್ರ ತಾತ ತಮಟೆಯನ್ನು ಕಂಕುಳಿಗೆ ಸೇರಿಸಿ, ತಲೆ ತಗ್ಗಿಸಿ ದಾಟಿಹೋಗುತ್ತಿದ್ದ. ಅದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಸಾರಿಕೊಳ್ಳುವುದು ನಮ್ಮ ಸೀಮೆಗೆ ಹೊಸದೇನಲ್ಲ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರು ಚೆನ್ನಕೇಶವ ಗುಡಿಯಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಶಿಲ್ಪಗಳ ಬುಡದಲ್ಲಿ ತಮ್ಮ ಹೆಸರನ್ನೂ ಬಿರುದನ್ನೂ ಕೆತ್ತಿಕೊಂಡಿದ್ದಾರೆ. ನೋಡಿದವರು ಇನ್ನೊಂದು ಕೆಲಸ ಕೊಡಲಿ ಎಂಬ ಆಸೆಯೂ ಇದ್ದಿರಬಹುದು! ಮೈಸೂರು ಸಂಸ್ಥಾನ 1916ರಲ್ಲಿ ಗಂಧದೆಣ್ಣೆ ತೆಗೆಯಲು ಶುರುಮಾಡಿ, ಆಮೇಲೆ ಸೋಪಿಗೆ ಕೈಹಾಕಿದಾಗ, ಅದರ ಪ್ರಚಾರಕ್ಕೆ ದೂರದ ಕರಾಚಿಯಲ್ಲಿ ಒಂಟೆಗಳ ಮೆರವಣಿಗೆಯನ್ನೇ ಮಾಡಿಸಿತಂತೆ. 1967ರಿಂದ ವಿವಿಧ ಭಾರತಿಯಲ್ಲಿ, 1976ರಿಂದ ದೂರದರ್ಶನದಲ್ಲಿ ಜಾಹೀರಾತು ಬಂತು. ಕಲ್ಲಾಗಲಿ, ಒಂಟೆಯಾಗಲಿ, ರೇಡಿಯೋ ಆಗಲಿ, ಎಲ್ಲರಿಗೂ ಒಂದೇ ಮಾತು ಹೇಳುತ್ತಿತ್ತು. ಕೇಳುವವರು ಯಾರೆಂಬುದು ಅದಕ್ಕೆ ಗೊತ್ತಿರಲಿಲ್ಲ.

ಅದು ಬದಲಾದದ್ದು ಇಂಟರ್ನೆಟ್ ಬಂದ ಮೇಲೆ. 1994ರ ಅಕ್ಟೋಬರ್‌ನಲ್ಲಿ ಅಮೆರಿಕದ ಹಾಟ್‌ವೈರ್ಡ್ ತನ್ನ ಪುಟಗಳಲ್ಲಿ ಉದ್ದನೆಯ ಪಟ್ಟಿಯ ಜಾಹೀರಾತು ಹಾಕಿತು. ಆಗಿನ್ನೂ ಪತ್ರಿಕೆಯಲ್ಲಿ ಜಾಗ ಕೊಂಡ ಹಾಗೆಯೇ ಲೆಕ್ಕ. 2009ರ ಸುಮಾರಿಗೆ ಆ ಜಾಗವನ್ನು, ನೋಡುವ ಪ್ರತಿಯೊಬ್ಬರಿಗೂ ಬೇರೆಬೇರೆಯಾಗಿ, ಆ ಕ್ಷಣದಲ್ಲೇ ಹರಾಜು ಹಾಕುವುದು ಶುರುವಾಯಿತು.

ನನಗಿದು ತಿಳಿದದ್ದು ನನ್ನ ಅಣ್ಣನ ಮಗಳಿಂದ. ಬೆಂಗಳೂರಿನಲ್ಲಿ ಅವಳ ಕೆಲಸವೇ ಅದು. ಕಳೆದ ದಸರೆಗೆ ಬಂದವಳು ಜಗಲಿಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತಳು. ನಮ್ಮ ಸ್ತ್ರೀಶಕ್ತಿ ಸಂಘದ ಚಟ್ನಿಪುಡಿ, ಹಪ್ಪಳ, ಕೊಬ್ಬರಿ ಮಿಠಾಯಿಗೆ ಪ್ರಚಾರ ಮಾಡಿಕೊಡುತ್ತೇನೆ ಅಂದಿದ್ದಳು. 2023ರಲ್ಲಿ ಬೇಲೂರು, ಹಳೇಬೀಡಿನ ಗುಡಿಗಳು ಯುನೆಸ್ಕೋ ಪಟ್ಟಿಗೆ ಸೇರಿದವಲ್ಲ, ನೋಡಲು ಬಂದವರಲ್ಲಿ ನಾಲ್ಕು ಜನ ನಮ್ಮ ಬಾಗಿಲಿಗೂ ಬರಲಿ ಎಂದು ನಮ್ಮಾಸೆ. ಸಂಘದ ಉಳಿತಾಯದಿಂದ 5,000 ರೂಪಾಯಿ ತೆಗೆದುಕೊಟ್ಟೆವು.

"ಹರಾಜು ಅಂದರೆ ಅರಸೀಕೆರೆ ಮಂಡಿಯಲ್ಲಿ ಕೊಬ್ಬರಿ ಕೂಗಿದ ಹಾಗಾ?" ಎಂದೆ.

"ಅದಕ್ಕಿಂತ ದನದ ಜಾತ್ರೆ ಹಾಗೆ ಕಣತ್ತೆ. ಟವೆಲ್ ಕೆಳಗೆ ಬೆರಳು ಹಿಡಿದು ಬೆಲೆ ಹೇಳ್ತಾರಲ್ಲ, ಹಂಗೆ. ಒಬ್ಬರ ಬೆಲೆ ಇನ್ನೊಬ್ಬರಿಗೆ ಕಾಣಲ್ಲ. ಯಾರೋ ಫೋನಲ್ಲಿ ಒಂದು ಪುಟ ತೆಗೆದ್ರೆ, ಅದು ಮೂಡೋದ್ರೊಳಗೆ ಯಂತ್ರಗಳು ಬೆಲೆ ಕೂಗಿ ಮುಗಿಸಿರ್ತವೆ. ಸೆಕೆಂಡಿನ ಹತ್ತನೇ ಒಂದು ಭಾಗ ಅಷ್ಟೆ."

ನಾವು ಮಾಡಬೇಕಾದದ್ದು ಯಂತ್ರಕ್ಕೆ ಕಟ್ಟುಪಾಡು ಹೇಳುವುದು. ಬೇಲೂರು, ಹಳೇಬೀಡಿನ ಸುತ್ತ 15 ಕಿಲೋಮೀಟರ್ ಒಳಗಿನ ಫೋನುಗಳಿಗೆ ಮಾತ್ರ. ಬೆಳಿಗ್ಗೆ 9ರಿಂದ ಸಂಜೆ 6ರವರೆಗೆ. ಒಂದು ಫೋನಿಗೆ ದಿನಕ್ಕೆ ಮೂರು ಸಲಕ್ಕಿಂತ ಹೆಚ್ಚು ಬೇಡ. ಸಾವಿರ ಸಲ ತೋರಿಸಿದ್ದಕ್ಕೆ ಇಷ್ಟು ರೂಪಾಯಿ ಮೀರಬಾರದು.

ಎಲ್ಲ ಬರೆದಳು, ದಿನದ ಖರ್ಚಿಗೆ ಮಿತಿ ಹಾಕುವುದನ್ನು ಮರೆತಳು! ಸಂಜೆಯೊಳಗೆ 1,800 ರೂಪಾಯಿ ಕರಗಿತ್ತು. ನೋಡಿದರೆ ಬಹುಪಾಲು ಮಕ್ಕಳ ಆಟಗಳ ನಡುವೆ ಕಾಣಿಸಿಕೊಂಡಿದೆ. ಮೂರು ವರ್ಷದ ಕೂಸು ಹಪ್ಪಳದ ಚಿತ್ರ ಒತ್ತಿದರೆ ನಮಗೇನು ಬಂತು? ಸಂಘದ ಹೆಂಗಸರಿಗೆ ಲೆಕ್ಕ ಹೇಳುವಾಗ ನನ್ನ ಬಾಯಿ ಒಣಗಿತು. ಹುಡುಗಿ ಪೆಚ್ಚಾಗಿ, ದಿನಕ್ಕೆ 200 ಎಂದು ಮಿತಿ ಹಾಕಿ, ಮಕ್ಕಳ ಆಟಗಳನ್ನೆಲ್ಲ ಬೇಡದ ಪಟ್ಟಿಗೆ ಸೇರಿಸಿದಳು. ನಮ್ಮ ದೇಶದಲ್ಲೇ 2007ರಲ್ಲಿ ಹುಟ್ಟಿ ಜಗತ್ತಿನಾದ್ಯಂತ ಬೆಳೆದ ಇನ್‌ಮೊಬಿ ಕಂಪನಿಗೇ, ಮಕ್ಕಳೂ ಸೇರಿದಂತೆ ಕೋಟ್ಯಂತರ ಜನ ಎಲ್ಲೆಲ್ಲಿ ಓಡಾಡುತ್ತಾರೆಂದು ಒಪ್ಪಿಗೆಯಿಲ್ಲದೆ ಗುರುತಿಟ್ಟ ಆರೋಪಕ್ಕೆ 2016ರಲ್ಲಿ ಅಮೆರಿಕದಲ್ಲಿ ಒಂಬತ್ತೂವರೆ ಲಕ್ಷ ಡಾಲರ್ ದಂಡ ಬಿತ್ತೆಂದು ಹೇಳಿದಳು. 2023ರಲ್ಲಿ ನಮ್ಮ ದೇಶ ಮಾಡಿದ ಕಾನೂನೂ ಮಕ್ಕಳ ಬೆನ್ನುಹತ್ತಿ ಜಾಹೀರಾತು ತೋರಿಸಬಾರದು ಎನ್ನುತ್ತದಂತೆ.

ಆಮೇಲೆ ಅವಳು ಇನ್ನೊಂದು ಕಡೆ ಬೆರಳಿಟ್ಟಳು. "ಒಂದ್ಸಲ ನಮ್ಮ ಪುಟ ನೋಡಿ ಹೋದೋರ ಹಿಂದೆ ಎಷ್ಟು ದಿನ ಹೋಗಬೇಕು ಅಂತ ಇಲ್ಲಿ ಹಾಕಬೇಕು. ಮೂವತ್ತು ಹಾಕ್ಲಾ ಅತ್ತೆ?"

ನಾನು ಕೂಡಲೇ ಉತ್ತರ ಕೊಡಲಿಲ್ಲ. ಎರಡು ವರ್ಷದ ಹಿಂದೆ ನಮ್ಮನೆಯವರ ಕಿಡ್ನಿ ಕೈಕೊಟ್ಟಾಗ ರಾತ್ರಿಯೆಲ್ಲ ಫೋನಿನಲ್ಲಿ ಔಷಧ, ಪಥ್ಯ, ಆಸ್ಪತ್ರೆ ಎಂದು ಹುಡುಕಿದ್ದೆ. ಅವರು ಉಳಿಯಲಿಲ್ಲ. ವೈಕುಂಠ ಸಮಾರಾಧನೆಗೆ ಅಡಿಗೆಯವರ ನಂಬರ್ ನೋಡಲೆಂದು ಫೋನು ತೆಗೆದರೆ, ಡಯಾಲಿಸಿಸ್‌ಗೆ ರಿಯಾಯಿತಿ ಎಂಬ ಜಾಹೀರಾತು. ಮರುದಿನವೂ ಅದೇ. ತಿಂಗಳು ಕಳೆದರೂ ಅದೇ. ಯಾರನ್ನು ಬೈಯಲಿ? ನನ್ನ ಮನೆಯ ಬಾಗಿಲು ಗೊತ್ತಿದ್ದ ಆ ಯಂತ್ರಕ್ಕೆ, ಬಾಗಿಲ ಒಳಗೆ ಏನಾಗಿದೆ ಎಂಬುದು ಗೊತ್ತಿರಲಿಲ್ಲ.

ಇದನ್ನು ಹೇಳಿದಾಗ ಹುಡುಗಿ ನನ್ನ ಕೈ ಹಿಡಿದುಕೊಂಡಳು. "ನಿಮ್ಮ ಹೆಸರಿಲ್ಲದಿದ್ರೂ ನಿಮ್ಮ ಫೋನು ಆ ಪಟ್ಟೀಲಿತ್ತು ಅತ್ತೆ. ತೆಗೀಬೇಕು ಅಂತ ಯಾರಿಗೂ ಹೊಳೀಲಿಲ್ಲ."

"ನಮ್ಮದಕ್ಕೆ ಒಂದು ದಿನ ಸಾಕು ಕಣೇ. ಬೇಕಾದವರು ಬರ್ತಾರೆ," ಎಂದೆ.

ಒಂದು ಎಂದು ಹಾಕಿದಳು. ಉಳಿದ ದುಡ್ಡು ಹದಿನಾರು ದಿನ ಬಂತು. ಹುಡುಕಿಕೊಂಡು ಬಂದವರು ಹನ್ನೊಂದು ಮಂದಿ. ಹಾಕಿದ್ದೆಲ್ಲ ಹುಟ್ಟಲಿಲ್ಲ. ಅವರಲ್ಲಿ ದಾವಣಗೆರೆಯ ಒಬ್ಬ ಹೆಂಗಸು ಮಾತ್ರ ಈಗಲೂ ತಿಂಗಳಿಗೊಮ್ಮೆ ಚಟ್ನಿಪುಡಿ ತರಿಸಿಕೊಳ್ಳುತ್ತಾರೆ. ನಾವಾಗಿ ಒಮ್ಮೆಯೂ ಫೋನು ಮಾಡಿಲ್ಲ, ಅವರೇ ಮಾಡುತ್ತಾರೆ.