ನಾಡಿನ ಹೆಸರು, ಜನರ ಹೆಸರು

ಪರಸ್ಥಳದಿಂದ ಬಂದು ನೆಲೆಸಿದವರನ್ನು ಅವರು ಬಿಟ್ಟುಬಂದ ನಾಡಿನ ಹೆಸರಿನಿಂದಲೇ ಗುರುತಿಸುವುದು ಭಾರತದಲ್ಲಿ ಬಹು ಪ್ರಾಚೀನವಾದ ರೂಢಿ. ವಿಶಾಖಪಟ್ಟಣ, ವಿಜಯವಾಡಗಳಲ್ಲಿ ನೆಲೆಸಿರುವ ಕನ್ನಡ ಮನೆತನಗಳಿಗೆ ಇದು ನಿತ್ಯದ ಅನುಭವ. ನೆರೆಹೊರೆಯ ತೆಲುಗರಿಗೆ ಅವರು ‘ಕನ್ನಡಂ ವಾಳ್ಳು’. ರಜೆಯಲ್ಲಿ ಬೆಂಗಳೂರಿಗೋ ರಾಯಚೂರಿಗೋ ಹೋದರೆ ಅಲ್ಲಿಯ ಬಂಧುಗಳಿಗೆ ‘ಆಂಧ್ರದವರು’. ಎರಡೂ ಕಡೆ ಹೊರಗಿನವರೆನಿಸಿಕೊಂಡೆವಲ್ಲಾ ಎಂದು ಮಕ್ಕಳು ನೊಂದುಕೊಳ್ಳುವುದೂ ಉಂಟು. ಆದರೆ ಇಂತಹ ಹೆಸರುಗಳ ಪೂರ್ವಚರಿತ್ರೆಯನ್ನು ಪರಿಶೀಲಿಸಿದರೆ ಅವು ಕೀಳರಿಮೆಗಲ್ಲ, ಅಭಿಮಾನಕ್ಕೇ ಕಾರಣವಾಗುತ್ತವೆ.

ದಿಕ್ಕಿನಿಂದ ಬಂದ ಹೆಸರುಗಳು

ಅನೇಕ ನಾಮಗಳು ದಿಕ್ಕಿನಿಂದ ಹುಟ್ಟಿವೆ. ಕನ್ನಡದಲ್ಲಿ ‘ಬಡಗು’ ಎಂದರೆ ಉತ್ತರ. ಇದೇ ಮೂಲದ ‘ವಡುಗ’ ಎಂಬ ಶಬ್ದದಿಂದ ತಮಿಳರು ತಮ್ಮ ಉತ್ತರಕ್ಕಿರುವ ತೆಲುಗರನ್ನು ಕರೆದರು. ಮೈಸೂರು ಸೀಮೆಯಿಂದ ದಕ್ಷಿಣಕ್ಕೆ ಹೋಗಿ ನೀಲಗಿರಿಯಲ್ಲಿ ನೆಲೆಸಿದವರು ‘ಬಡಗ’ರಾದರು. ಮಾಧ್ವರಲ್ಲಿಯೂ ಸ್ಮಾರ್ತರಲ್ಲಿಯೂ ಇರುವ ‘ಬಡಗನಾಡು’ ಪಂಗಡದ ಹೆಸರೂ ಇದೇ ಬಗೆಯದು. ತೆಲುಗು ನೆಲದಿಂದ ನೋಡಿದರೆ ತೆಲುಗರು ಉತ್ತರದವರೇನೂ ಅಲ್ಲ. ತಮಿಳುನಾಡಿನಲ್ಲಿ ನಿಂತು ನೋಡಿದವರಿಗೆ ಮಾತ್ರ ಅವರು ಉತ್ತರದವರು. ಆದುದರಿಂದ ಇಂತಹ ಹೆಸರು ಕರೆಯಿಸಿಕೊಂಡವರ ಗುಣವನ್ನು ಹೇಳುವುದಿಲ್ಲ. ಕರೆದವರು ಎಲ್ಲಿ ನಿಂತಿದ್ದರೆಂಬುದನ್ನಷ್ಟೇ ಹೇಳುತ್ತದೆ.

‘ದೇಶಸ್ಥ’ ಎಂಬುದು ಮಹಾರಾಷ್ಟ್ರದ ಘಟ್ಟದ ಮೇಲಣ ‘ದೇಶ’ ಎಂಬ ಬಯಲುಸೀಮೆಯನ್ನು ಸೂಚಿಸುತ್ತದೆ. ‘ಅರವತ್ತೊಕ್ಕಲು’ ಎಂಬುದಾದರೋ ನಾಡಿನ ಹೆಸರಲ್ಲ, ಮನೆಗಳ ಎಣಿಕೆ. ತಮಿಳುನಾಡಿನಲ್ಲಿ ಮಾಧ್ವರನ್ನು ‘ರಾಯರ್’ ಎಂದು ಕರೆಯುವ ರೂಢಿಯಿದೆ. ಅಲ್ಲಿ ಗೌರವಸೂಚಕ ಪದವೇ ಸಮುದಾಯದ ಅಡ್ಡಹೆಸರಾಗಿದೆ.

ವೆಂಗಿಯಿಂದ ಬಂದವರು

ವಿಜಯವಾಡದಿಂದ ವಿಶಾಖಪಟ್ಟಣದ ಕಡೆಗೆ ಹೋಗುವಾಗ ಏಲೂರು ಸಿಗುತ್ತದೆ. ಅದರ ಸಮೀಪದ ಪೆದವೇಗಿಯೇ ಪ್ರಾಚೀನ ವೆಂಗಿ. ಕನ್ನಡದ ಆದಿಕವಿ ಪಂಪನ ಪೂರ್ವಿಕ ಮಾಧವ ಸೋಮಯಾಜಿಯು ವೆಂಗಿಮಂಡಲದ ಅಗ್ರಹಾರದವನು. ಕ್ರಿ.ಶ. 941ರ ಸುಮಾರಿನಲ್ಲಿ ‘ವಿಕ್ರಮಾರ್ಜುನವಿಜಯ’ವನ್ನು ರಚಿಸಿದ ಪಂಪನು ಈ ಮೂಲವನ್ನು ಮರೆಮಾಚದೆ ಕಾವ್ಯದಲ್ಲಿಯೇ ಹೇಳಿಕೊಂಡಿದ್ದಾನೆ. ಅವನ ತಮ್ಮ ಜಿನವಲ್ಲಭನು ಕರೀಂನಗರ ಸೀಮೆಯ ಕುರಿಕ್ಯಾಲದಲ್ಲಿ ಬರೆಸಿದ ಶಾಸನದಲ್ಲಿ ಸಂಸ್ಕೃತ, ಕನ್ನಡ, ತೆಲುಗು ಮೂರೂ ಒಟ್ಟಿಗೆ ಇವೆ. ಗುಂಟೂರು ಸೀಮೆಯ ಕಡೆಯ ಕಮ್ಮನಾಡು ಹಳೆಯ ಶಾಸನಗಳಲ್ಲಿ ‘ಕರ್ಮರಾಷ್ಟ್ರ’ವೆನಿಸಿದೆ. ಕರ್ನಾಟಕದ ಬಬ್ಬೂರುಕಮ್ಮೆ, ಉಲುಚುಕಮ್ಮೆ ಮೊದಲಾದ ಪಂಗಡಗಳ ಹೆಸರಿನಲ್ಲಿರುವ ‘ಕಮ್ಮೆ’ಗೆ ಈ ನಾಡೇ ಮೂಲವೆಂದು ವಿದ್ವಾಂಸರು ಹೇಳುತ್ತಾರೆ. ಜನರು ಕೃಷ್ಣಾತೀರವನ್ನು ಬಿಟ್ಟರೂ ಅದರ ಹೆಸರನ್ನು ಬಿಡಲಿಲ್ಲ.

ಗುರುಪರಂಪರೆಯಲ್ಲಿ ನಾಡುಗಳ ಸಂಗಮ

ಶ್ರೀಮಧ್ವಾಚಾರ್ಯರು ತುಳುನಾಡಿನಲ್ಲಿ ಅವತರಿಸಿದರು. ಅವರ ತರುವಾಯ ಪೀಠವನ್ನೇರಿದ ಶ್ರೀಪದ್ಮನಾಭತೀರ್ಥರು ಪೂರ್ವಾಶ್ರಮದಲ್ಲಿ ಗೋದಾವರೀ ಪ್ರಾಂತದ ಶೋಭನಭಟ್ಟರೆಂಬ ವಿದ್ವಾಂಸರು. ಅವರ ನಂತರದ ಶ್ರೀನರಹರಿತೀರ್ಥರು ಕಳಿಂಗದವರೆಂದೂ ಅಲ್ಲಿಯ ರಾಜ್ಯಭಾರವನ್ನು ನಿರ್ವಹಿಸಿದವರೆಂದೂ ಸಂಪ್ರದಾಯ ತಿಳಿಸುತ್ತದೆ. ವಿಶಾಖಪಟ್ಟಣದ ಉತ್ತರಕ್ಕಿರುವ ಶ್ರೀಕೂರ್ಮದ ದೇವಾಲಯದಲ್ಲಿ ಕ್ರಿ.ಶ. 1281ರ ಶಾಸನವೊಂದಿದೆ. ಆನಂದತೀರ್ಥರ ಶಿಷ್ಯರಾದ ನರಹರಿತೀರ್ಥರು ಶಬರರ ಆಕ್ರಮಣದಿಂದ ಆ ಕ್ಷೇತ್ರವನ್ನು ರಕ್ಷಿಸಿದುದನ್ನೂ ಯೋಗಾನಂದ ನರಸಿಂಹನ ಗುಡಿಯನ್ನು ಕಟ್ಟಿಸಿದುದನ್ನೂ ಅದು ತಿಳಿಸುತ್ತದೆ. ಸಿಂಹಾಚಲದ ಶಾಸನಗಳಲ್ಲಿಯೂ ಅವರ ಹೆಸರು ಬರುತ್ತದೆ. ಕಳಿಂಗದ ಈ ಮಹನೀಯರನ್ನೇ ಕನ್ನಡ ಹರಿದಾಸ ಸಾಹಿತ್ಯದ ಮೊದಲಿಗರಲ್ಲಿ ಒಬ್ಬರೆಂದು ಗಣಿಸಲಾಗಿದೆ. ಇವರ ವೃಂದಾವನ ಹಂಪಿಯ ಬಳಿ ತುಂಗಭದ್ರೆಯಲ್ಲಿದೆ. ಪದ್ಮನಾಭತೀರ್ಥರದು ಆನೆಗುಂದಿಯ ನವವೃಂದಾವನದಲ್ಲಿದೆ.

ಶ್ರೀರಾಘವೇಂದ್ರಸ್ವಾಮಿಗಳ ಪೂರ್ವಿಕರು ವಿಜಯನಗರದ ಆಸ್ಥಾನದಲ್ಲಿ ವೀಣಾವಿದ್ವಾಂಸರು. ಗುರುಗಳು ಜನಿಸಿದುದು ತಮಿಳುನಾಡಿನ ಭುವನಗಿರಿಯಲ್ಲಿ, ಪೀಠವನ್ನಲಂಕರಿಸಿದುದು ಕಾವೇರೀತೀರದಲ್ಲಿ, 1671ರಲ್ಲಿ ವೃಂದಾವನಸ್ಥರಾದುದು ತುಂಗಭದ್ರಾತೀರದ ಮಂತ್ರಾಲಯದಲ್ಲಿ. ಇಂತಹ ಪರಂಪರೆಯ ಶಿಷ್ಯರು ಪರಸ್ಪರರನ್ನು ‘ಯಾವ ಸೀಮೆಯವರು?’ ಎಂದು ಕೇಳುವುದು ಪರಿಚಯಕ್ಕಾಗಿ ಇರಬಹುದು. ಮೇಲುಕೀಳನ್ನು ಅಳೆಯುವುದಕ್ಕೆ ಆಗಬಾರದು.

ಒಬ್ಬನೇ ಅರಸು, ಮೂರು ಹೆಸರು

ಶ್ರೀಕೃಷ್ಣದೇವರಾಯನು ವಂಶದಿಂದ ತುಳುವ. ಅವನಿಗೆ ‘ಕನ್ನಡ ರಾಜ್ಯ ರಮಾರಮಣ’ನೆಂಬ ಬಿರುದು, ತೆಲುಗರಿಗೆ ಅವನು ‘ಆಂಧ್ರಭೋಜ’. ಕಳಿಂಗದ ದಂಡಯಾತ್ರೆಯ ಕಾಲದಲ್ಲಿ ವಿಜಯವಾಡದ ಪ್ರಾಂತಕ್ಕೆ ಬಂದ ಅವನು ಕೃಷ್ಣಾತೀರದ ಶ್ರೀಕಾಕುಳದಲ್ಲಿ ಆಂಧ್ರಮಹಾವಿಷ್ಣುವಿನ ದರ್ಶನ ಪಡೆದನು. (ಇದು ಉತ್ತರದ ಶ್ರೀಕಾಕುಳಂ ನಗರವಲ್ಲ.) ಅಲ್ಲಿ ದೇವರು ಕನಸಿನಲ್ಲಿ ಬಂದು ತೆಲುಗಿನಲ್ಲಿ ಕಾವ್ಯ ರಚಿಸೆಂದು ಆಜ್ಞಾಪಿಸಿದನೆಂದು ‘ಆಮುಕ್ತಮಾಲ್ಯದ’ದ ಪೀಠಿಕೆ ಹೇಳುತ್ತದೆ. ಆ ಪ್ರಸಂಗದಲ್ಲಿ ರಾಜನು ‘ಕನ್ನಡರಾಯ’ನೆಂದೇ ಸಂಬೋಧಿಸಲ್ಪಟ್ಟಿದ್ದಾನೆ. 1516ರಲ್ಲಿ ಅವನು ಸಿಂಹಾಚಲದ ಸ್ವಾಮಿಗೆ ಕಾಣಿಕೆಗಳನ್ನು ಅರ್ಪಿಸಿದುದಕ್ಕೂ ಶಾಸನವಿದೆ. ಶ್ರೀವ್ಯಾಸರಾಜರನ್ನು ಗುರುವೆಂದು ಪೂಜಿಸಿದ ಈ ದೊರೆಗೆ ಮೂರು ನಾಡುಗಳ ಹೆಸರು ಭಾರವೆನಿಸಲಿಲ್ಲ.

ನಾಡಿನ ಹೆಸರೇ ವ್ಯಕ್ತಿಯ ಹೆಸರಾದ ಉದಾಹರಣೆಯೂ ಇದೇ ಪ್ರಾಂತದಲ್ಲಿದೆ. ವಿಜಯನಗರಂ ಸೀಮೆಯಲ್ಲಿ ಹುಟ್ಟಿ ಕಾಶಿಯಲ್ಲಿ ನೆಲೆಸಿದ ಯೋಗಿಯೊಬ್ಬರನ್ನು ಅಲ್ಲಿಯ ಜನರು ತೆಲುಗು ನಾಡಿನವರೆಂಬ ಅರ್ಥದಲ್ಲಿ ‘ತ್ರೈಲಂಗ ಸ್ವಾಮಿ’ ಎಂದರು. 1887ರಲ್ಲಿ ದೇಹತ್ಯಾಗ ಮಾಡಿದ ಅವರು ಇಂದಿಗೂ ಅದೇ ಹೆಸರಿನಿಂದ ಪೂಜ್ಯರು.

ನೋಯಿಸಿದ ಹೆಸರು, ಬದಲಾದ ಹೆಸರು

ಎಲ್ಲ ಹೆಸರುಗಳೂ ಗೌರವದಿಂದ ಹುಟ್ಟಿದವಲ್ಲ. 1800ರಲ್ಲಿ ನಿಜಾಮನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಬಳ್ಳಾರಿ, ಅನಂತಪುರ, ಕಡಪ ಮುಂತಾದ ಸೀಮೆಗಳಿಗೆ ‘ದತ್ತಮಂಡಲ’ವೆಂಬ ಹೆಸರು ಬಿದ್ದಿತು. ದಾನವಾಗಿ ಕೈಬದಲಾದ ನೆಲವೆಂಬ ಆ ಹೆಸರು ಅಲ್ಲಿಯವರ ಮನಸ್ಸನ್ನು ನೋಯಿಸುತ್ತಿತ್ತು. 1928ರಲ್ಲಿ ನಂದ್ಯಾಲದ ಸಭೆಯಲ್ಲಿ ಚಿಲುಕೂರಿ ನಾರಾಯಣರಾಯರು ‘ರಾಯಲಸೀಮೆ’ ಎಂಬ ಹೆಸರನ್ನು ಸೂಚಿಸಿದರು. ವಿಜಯನಗರದ ರಾಯರ ಸ್ಮರಣೆಯನ್ನು ಹೊತ್ತ ಆ ಹೆಸರು ನೆಲೆನಿಂತಿತು. 1953ರ ಅಕ್ಟೋಬರ್ 1ರಂದು ಆಂಧ್ರರಾಜ್ಯವು ಹುಟ್ಟಿದಾಗ ಬಳ್ಳಾರಿಯು ಮೈಸೂರಿಗೆ ಸೇರಿತು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳೂ ಮಂತ್ರಾಲಯವೂ ಆಂಧ್ರದಲ್ಲಿ ಉಳಿದವು. ಮನೆಮಾತು ಬದಲಾಗದೆ, ಊರು ಬಿಡದೆ, ಅನೇಕ ಕುಟುಂಬಗಳು ‘ಆಂಧ್ರದವರು’ ಎನಿಸಿಕೊಂಡವು.

ಇದರಿಂದ ಎರಡು ವಿಷಯಗಳು ಸ್ಪಷ್ಟವಾಗುತ್ತವೆ. ಪೂರ್ವಿಕರ ನಾಡನ್ನು ನೆನಪಿಸುವ ಹೆಸರು ಮನೆತನದ ಆಸ್ತಿ. ಅದನ್ನು ಮಕ್ಕಳಿಗೆ ಅರ್ಥಸಹಿತ ತಿಳಿಸಿಕೊಡುವುದು ಹಿರಿಯರ ಕರ್ತವ್ಯ. ಆದರೆ ಅದೇ ಹೆಸರು ಹಾಸ್ಯಕ್ಕೋ, ವಿವಾಹಾದಿ ಸಂಬಂಧಗಳಲ್ಲಿ ದೂರವಿಡುವುದಕ್ಕೋ ಬಳಕೆಯಾದರೆ ಅದು ಬಂಧುತ್ವವನ್ನೇ ಕೆಡಿಸುತ್ತದೆ. ಗೋದಾವರಿಯ ವಿದ್ವಾಂಸರನ್ನೂ ಕಳಿಂಗದ ಅಧಿಕಾರಿಗಳನ್ನೂ ಉಡುಪಿಯ ಪೀಠವು ಆದರಿಸಿತು. ಆ ಪರಂಪರೆಯ ಮಕ್ಕಳು ಸಿಂಹಾದ್ರಿಯ ತಪ್ಪಲಲ್ಲಿದ್ದರೂ ಕೃಷ್ಣೆಯ ದಡದಲ್ಲಿದ್ದರೂ ‘ಕನ್ನಡದವರು’, ‘ಆಂಧ್ರದವರು’ ಎಂಬ ಎರಡು ಹೆಸರುಗಳನ್ನೂ ಸಂತೋಷದಿಂದಲೇ ಧರಿಸಬಹುದು.