ದವಡೆಯ ನೋವನ್ನು ಒತ್ತಿ ಅಳೆಯುವುದು: ಒಂದು ಸಂಖ್ಯೆಯ ಅರ್ಥಾಂತರಗಳು

ಮುಖವನ್ನು ಒತ್ತಿ ನೋವನ್ನು ಅಳೆಯುವ ರೂಢಿ ಹುಟ್ಟಿದ್ದು ದಂತವೈದ್ಯರ ಕೈಯಲ್ಲಲ್ಲ. 1890ರಲ್ಲಿ ಮನೋವಿಜ್ಞಾನಿ ಜೇಮ್ಸ್ ಮೆಕೀನ್ ಕ್ಯಾಟೆಲ್ ತಮ್ಮ ಮಾನಸಿಕ ಪರೀಕ್ಷೆಗಳ ಪಟ್ಟಿಯಲ್ಲಿ ನೋವು ತರುವ ಒತ್ತಡವನ್ನೂ ಸೇರಿಸಿದರು, 5 ಮಿ.ಮೀ. ತ್ರಿಜ್ಯದ ಗಟ್ಟಿ ರಬ್ಬರ್ ತುದಿಯನ್ನು ಹಣೆಯ ನಡುವೆ ಒತ್ತಬೇಕೆಂದರು. ಅದೇ ದಶಕದಲ್ಲಿ ಆರ್ಥರ್ ಮ್ಯಾಕ್‌ಡೊನಾಲ್ಡ್ ಕಣತಲೆಗೆ ಒತ್ತುವ ಮಾಪಕ ಹಿಡಿದು, ಯಾವ ವರ್ಗದವರಿಗೆ, ಹೆಣ್ಣಿಗೋ ಗಂಡಿಗೋ ನೋವು ಬೇಗ ತಟ್ಟುತ್ತದೆಂದು ಹೋಲಿಸಲು ಹೊರಟರು. ಆ ಕಾಲದ ಪೂರ್ವಗ್ರಹಗಳಿಗೆ ಅಂಕಿಯ ಅಂಗಿ ತೊಡಿಸುವ ಕೆಲಸವದು. ನ್ಯೂಯಾರ್ಕಿನ ವೈದ್ಯ ಇಮ್ಯಾನುಯೆಲ್ ಲಿಬ್‌ಮನ್‌ಗೆ ಮಾಪಕವೂ ಬೇಕಿರಲಿಲ್ಲ. ಕಿವಿಯ ಹಿಂದಿನ ಎಲುಬಿನ ಬಳಿ ಹೆಬ್ಬೆರಳಿಟ್ಟು ಒತ್ತಿ, ರೋಗಿಯ ಸಂವೇದನೆ ಚುರುಕೋ ಮಂದವೋ ಎಂದು ತೀರ್ಮಾನಿಸುತ್ತಿದ್ದರು. ಕೆಲವರಿಗೆ ಹೃದ್ರೋಗ ನೋವಿಲ್ಲದೆ ಬರುವುದೇಕೆ ಎಂಬುದಕ್ಕೆ ಅದರಲ್ಲೇ ಉತ್ತರ ಹುಡುಕಿದರು. ಮೂವರ ಗೃಹೀತವೂ ಒಂದೇ: ನೋವಿನ ಹೊಸ್ತಿಲು, ಎಂದರೆ ಒತ್ತಡ ನೋವಾಗಿ ತಿರುಗುವ ಬಿಂದು, ಮನುಷ್ಯನ ಗುಣ, ಒತ್ತಿದ ಜಾಗದ್ದಲ್ಲ. ಅಲ್ಲಿಂದೀಚೆಗೆ ಮಾಪಕಗಳು ನಯಗೊಂಡವು, ನಿಜ. ಆದರೆ ಈ ಚರಿತ್ರೆಯನ್ನು ನಡೆಸಿದ್ದು ಮಾಪಕವಲ್ಲ, ಅದು ತೋರುವ ಸಂಖ್ಯೆ ಯಾವುದರ ಗುರುತು ಎಂಬ ಪ್ರಶ್ನೆ ಎಂದು ನನ್ನ ವಾದ.

ದವಡೆಯ ವೈದ್ಯರು ಈ ಸಂಖ್ಯೆಯನ್ನು ಜಾಗಕ್ಕೆ ಕಟ್ಟಿದರು. 1934ರಲ್ಲಿ ಜೇಮ್ಸ್ ಕಾಸ್ಟೆನ್ ದವಡೆ ಕೀಲಿನ ನೋವಿಗೆ ಹಲ್ಲುಗಳ ಕಚ್ಚುವಿಕೆ ಕೆಟ್ಟದ್ದೇ ಕಾರಣವೆಂದಿದ್ದರು. 1950ರ ದಶಕದಲ್ಲಿ ಲಾಸ್ಲೊ ಶ್ವಾರ್ಟ್ಸ್ ಗಮನವನ್ನು ಅಗಿಯುವ ಸ್ನಾಯುಗಳತ್ತ ತಿರುಗಿಸಿದರು. ಸ್ನಾಯುವೇ ರೋಗದ ನೆಲೆಯಾದರೆ ಅದನ್ನು ಒತ್ತಿ ನೋಡಬೇಕಷ್ಟೆ. ಆದರೆ ಒಬ್ಬೊಬ್ಬ ವೈದ್ಯರ ಬೆರಳಿನ ಬಲ ಒಂದೊಂದು ಬಗೆ. 1986ರಲ್ಲಿ ಸಂಶೋಧಕ ಜೆನ್ಸನ್ ಮತ್ತು ಸಂಗಡಿಗರು ಕಣತಲೆಯ ಮೇಲೆ ಹೊಸ ಮಾಪಕವೊಂದನ್ನು ಪರೀಕ್ಷಿಸಿದ್ದರ ಹಿಂದೆ ಈ ಅಡಚಣೆಯಿತ್ತು. ತುದಿಯ ವಿಸ್ತೀರ್ಣ, ಒತ್ತಡ ಏರುವ ವೇಗ, ಇವೆರಡನ್ನು ಹಿಡಿತದಲ್ಲಿಡದೆ ಪಡೆದ ಸಂಖ್ಯೆಗೆ ಬೆಲೆಯಿಲ್ಲ. ಕೊನೆಗೂ 'ಈಗ ನೋಯುತ್ತಿದೆ' ಎನ್ನುವವರು ರೋಗಿಯೇ ಆದ್ದರಿಂದ ಇದು ವಸ್ತುನಿಷ್ಠವಲ್ಲ ಎಂಬ ಆಕ್ಷೇಪವುಂಟು. ಆದರೆ ಮಾಪಕ ಅಳೆಯುವುದು ಬಲವನ್ನು, ನೋವು ಶುರುವಾಗುವ ಕ್ಷಣವನ್ನು ಗುರುತಿಸುವುದು ರೋಗಿ. ಹೊಸ್ತಿಲು ಎಂದರೆ ಇವೆರಡೂ ಕೂಡುವ ಬಿಂದು. ರೋಗಿಯನ್ನು ಕಳೆದರೆ ಉಳಿಯುವುದು ಬರೀ ತೂಕ.

ಈ ಆಕ್ಷೇಪಕ್ಕಿಂತ ಗಟ್ಟಿಯಾದ ತೊಡಕು ತಂದದ್ದು 'ಒಪೆರಾ' ಎಂಬ ಅಮೆರಿಕನ್ ಅಧ್ಯಯನ. ಅದರ 2011ರ ವರದಿಯಲ್ಲಿ 185 ದವಡೆ ನೋವಿನ ರೋಗಿಗಳನ್ನು 1,633 ಮಂದಿ ನೋವಿಲ್ಲದವರ ಜೊತೆ ಹೋಲಿಸಲಾಯಿತು. ರೋಗಿಗಳ ಹೊಸ್ತಿಲು ದವಡೆಯಲ್ಲಿ ಮಾತ್ರವಲ್ಲ, ಮೊಣಕೈಯಲ್ಲೂ ತಗ್ಗಿತ್ತು. ಹಾಗಾದರೆ ಕ್ಯಾಟೆಲ್ ಗೃಹೀತವೇ ಸರಿ, ಇದು ಹುಟ್ಟುಗುಣ ಎನ್ನಬಹುದೇ? ಆಗದು. ಅದೇ ಅಧ್ಯಯನದ 2014ರ ವಿಶ್ಲೇಷಣೆಯ ಪ್ರಕಾರ ಹೊಸ್ತಿಲು ಕಾಯಿಲೆಯ ಏರಿಳಿತದೊಂದಿಗೆ ತಾನೂ ಬದಲಾಗುತ್ತದೆ. ಯಾರಿಗೆ ಮುಂದೆ ನೋವು ಬಂದೀತೆಂದು ಮೊದಲೇ ಹೇಳುವಷ್ಟು ಶಕ್ತಿ ಅದಕ್ಕಿಲ್ಲ. ಅದು ಸ್ವಭಾವಕ್ಕಿಂತ ಹೆಚ್ಚಾಗಿ ಸ್ಥಿತಿಯ ಗುರುತು, ಒಂದು ಸ್ನಾಯುವಿನದಷ್ಟೇ ಅಲ್ಲದೆ ಇಡೀ ನರಮಂಡಲದ್ದು. ಅದೇ ವರ್ಷ ಬಂದ ದವಡೆ ನೋವಿನ ರೋಗನಿರ್ಣಯ ಮಾನದಂಡಗಳು ಮಾಪಕವನ್ನು ಕಡ್ಡಾಯ ಮಾಡದೆ ಮತ್ತೆ ಬೆರಳನ್ನೇ ನೆಚ್ಚಿದ್ದು ಹಿನ್ನಡೆಯೆಂದು ನನಗೆ ಅನ್ನಿಸುವುದಿಲ್ಲ. ಅವು ಹೇಳುವುದಿಷ್ಟು: ಕೆನ್ನೆಯ ಸ್ನಾಯುವಿನ ಮೇಲೆ 1 ಕೆ.ಜಿ. ಬಲ, 2 ಸೆಕೆಂಡು. ಬಲವನ್ನು ಮಾಪಕದ ಮೇಲೆ ಒತ್ತಿ ಬೆರಳಿಗೆ ಮೊದಲೇ ರೂಢಿ ಮಾಡಿಸಿರಬೇಕು. ಅಷ್ಟು ಒತ್ತಿದರೆ ಆರೋಗ್ಯವಂತರಿಗೂ ನೋಯಬಹುದು. ಆದ್ದರಿಂದ ನೋವಾಯಿತೇ ಎಂದು ಕೇಳಿ ಪರೀಕ್ಷಕರು ನಿಲ್ಲಿಸುವಂತಿಲ್ಲ. ಇತ್ತೀಚೆಗೆ ನಿಮ್ಮನ್ನು ಕಾಡುತ್ತಿರುವ ನೋವು ಇದೇ ಬಗೆಯದೋ ಎಂದೂ ಕೇಳಬೇಕು.